ವಿಚಾರಣೆ ಕಿಟಕಿ

ಶನಿವಾರದ ವಾರಪತ್ರಿಕೆ, ಏಳನೇ ಪುಟ, ಕೆಳಗಿನ ಮೂಲೆ:
"ರೂಪೇಶ ಬಾನಾವಳಿಯ ಒಂದೂವರೆ ತಾಸಿನಲ್ಲಿ
ನಕ್ಕದ್ದು ಕುರ್ಚಿಗಳು ಮಾತ್ರ, ಅವಕ್ಕೂ ಎಣ್ಣೆ ಬೇಕಿತ್ತು.
ಬಸ್‌ಸ್ಟ್ಯಾಂಡಿನಲ್ಲಿ ಕೂಗಿ ಹೊಟ್ಟೆ ಹೊರೆಯುವ ಬಡಪಾಯಿಯನ್ನು
ಅಣಕಿಸುವುದು ಹಾಸ್ಯವಲ್ಲ, ಹೀನಬುದ್ಧಿ."

ಬಡಪಾಯಿ ನಾನೇ.
ಕಾರವಾರ ನಿಲ್ದಾಣ, ಮೈಕಿನ ಹಿಂದೆ ಇಪ್ಪತ್ತೆರಡು ವರ್ಷ,
ಮೂಗಿನಿಂದ ಹೊರಟು
ಕುಮಟಾದ ಟಾದಲ್ಲಿ ಕಾಲು ಚಾಚಿ ಮಲಗುವ ದನಿ.

ಆವತ್ತು ನಂದನಗದ್ದಾದ ಸಭಾಗೃಹದಲ್ಲಿ
ನಾಲ್ಕನೇ ಸಾಲು, ನಾನೂ ಕುಸುಮಾಳೂ.
ಹುಡುಗ ಮೂಗು ಹಿಡಿದು ಶುರುಮಾಡಿದ:
"ಅಂಕೋಲಾ... ಕುಮಟಾ... ಹೊನ್ನಾವರ...
ಇವರು ಹೇಳಿ ಮುಗಿಸೋದ್ರೊಳಗೆ ಬಸ್ಸು
ಹೋಗಿ, ಊಟ ಮಾಡಿ, ವಾಪಸು ಬಂದಿರ್ತದೆ ಮಾರಾಯ್ರೆ!"
ಸಭೆ ಬಿದ್ದು ಬಿದ್ದು ನಕ್ಕಿತು.
ಬರೆದ ಪೆಡ್ನೇಕರ್ ಮಾಸ್ತರು ನಮ್ಮೆದುರಿನ ಸಾಲಿನಲ್ಲೇ
ಕರವಸ್ತ್ರ ಬಾಯಿಗೊತ್ತಿ ಅಲುಗುತ್ತಿದ್ದರು. ಕೆಮ್ಮಿರಬೇಕು.
ಕುರ್ಚಿ ಕಿರುಗುಟ್ಟಿದ್ದು ಹೌದು.
ಅದರಲ್ಲಿ ಒಂದು ನನ್ನದು.

ಈಗ ವಾರದಿಂದ ಈ ಕಿಟಕಿಗೆ
ಗಾಡಿಯ ವೇಳೆ ಕೇಳುವವರಿಗಿಂತ ಸಮಾಧಾನ ಹೇಳುವವರೇ ಹೆಚ್ಚು.
ಕಂಡಕ್ಟರ್ ಬೊಮ್ಮು ಗೌಡ: "ಬರೆದ ಕೈಗೆ ಕಡಗ ತೊಡಿಸ್ಬೇಕು.
ನೀ ಕೇಸ್ ಹಾಕು, ನಾ ಸಾಕ್ಷಿ."
ಆ ರಾತ್ರಿ ಅವನಿಗೆ ಯಲ್ಲಾಪುರದ ಟ್ರಿಪ್ ಇತ್ತು.
ಕೈಗಾದ ನಿವೃತ್ತ ಇಂಜಿನಿಯರರು ಲೆಕ್ಕವಿಟ್ಟಿದ್ದಾರೆ:
ಜೋಕು ಮೂವತ್ತೊಂಬತ್ತು, ಹಳಸಿದ್ದು ಹದಿನಾಲ್ಕು,
"ಶೇಕಡಾ ಅರವತ್ನಾಲ್ಕು. ಫಸ್ಟ್ ಕ್ಲಾಸೇ ಆಯ್ತಲ್ಲ?"
ಅಂದು ಸೀಟಿ ಹೊಡೆದ ಕಾಲೇಜು ಹುಡುಗರು
"ದಮ್ಮೇ ಇರ್ಲಿಲ್ಲ ಅಂಕಲ್" ಎನ್ನುತ್ತಾರೆ;
ತಾವು ನಕ್ಕಿರಲಿಲ್ಲವೆಂದು
ಅಚ್ಚಾದ ಮೇಲಷ್ಟೇ ತಿಳಿಯಿತು ಅವರಿಗೆ.
ಮಾಜಾಳಿಯ ಸುಲೋಚನಾ ಬುಟ್ಟಿ ಇಳಿಸಿದವಳೇ ಸಿಟ್ಟಾದಳು:
"ಬಾಂಗಡೆ ಹಳಸಿದೆ ಅನ್ನಲಿ, ರೊಕ್ಕ ಕೊಟ್ಟವರು ಮೂಸಿ ನೋಡಿ.
ಪುಕ್ಕಟೆ ಪಾಸಿನ ಮಾಸ್ತರಿಗೆ ಮೂಗು ಯಾಕೆ?"

ಕುಸುಮಾ ಎರಡು ಸಲ ಓದಿ ಪೇಪರು ಮಡಚಿದಳು:
"ನಿಮ್ಮ ಬದಲಿಗೆ ಅಳಲಿಕ್ಕೆ ಇವರಿಗೆ ಯಾರು ಹೇಳಿದ್ದು?"

ಖರೆ ಹೇಳಬೇಕೆಂದರೆ
ಆ ಕತ್ತಲಲ್ಲಿ ಎಲ್ಲರಿಗಿಂತ ಮೊದಲು ನಕ್ಕವ ನಾನು,
ಯಾರಾದರೂ ತಿರುಗಿ ನೋಡುವ ಮೊದಲು.
ನಗುವಾಗಲೇ ಗಂಟಲಲ್ಲೆಲ್ಲೋ
ಪೇಡಿ ಮೀನಿನ ಒಂದು ಸಣ್ಣ ಮುಳ್ಳು.
ಮಾಸ್ತರು ಅನ್ನದುಂಡೆ ನುಂಗಿಸಿದರು,
ಅದು ಇನ್ನಷ್ಟು ಒಳಗೆ ಹೋಯಿತು.
ಹುಡುಗ ನನ್ನ ದನಿಯನ್ನಾದರೂ ಕೇಳಿಸಿಕೊಂಡಿದ್ದ,
ಎಷ್ಟು ದಿನ ನಿಂತು ಕೇಳಿದ್ದನೋ ಏನೋ.
ಮಾಸ್ತರು ಹೆಸರನ್ನೂ ಕೇಳಲಿಲ್ಲ.

ನಿನ್ನೆ ಮೂರೂ ಹತ್ತಕ್ಕೆ ಕಿಟಕಿಯೆದುರು ಅವನೇ.
ಗಡ್ಡ ಬೆಳೆದಿತ್ತು, ಹೆಗಲಿಗೊಂದು ಚೀಲ.
"ಮಡಗಾಂವ್ ಗಾಡಿ?"
ಬೋರ್ಡು ಅವನ ನೆತ್ತಿಯ ಮೇಲೇ ಇತ್ತು.
ಮೈಕು ಎಳೆದುಕೊಂಡೆ.
ಹೊರಟದ್ದು ನನ್ನ ದನಿಯೋ, ಅವನು ಮಾಡಿ ತೋರಿಸಿದ ನನ್ನ ದನಿಯೋ:
"ಸದಾಶಿವಗಡ... ಮಾಜಾಳಿ... ಕಾಣಕೋಣ... ಮಡಗಾಂ..."
ಬುಟ್ಟಿಯ ಮೇಲೆ ಬಾಗಿ ಸುಲೋಚನಾ ಕಿಸಕ್ಕೆಂದಳು.
ಮುಗಿಸಿ ನೋಡಿದರೆ ಮೂರನೇ ಪ್ಲಾಟ್‌ಫಾರ್ಮ್ ಖಾಲಿ;
ಗಾಡಿ ಅಷ್ಟರಲ್ಲಿ ಕಾಳಿ ಸೇತುವೆಯ ಹತ್ತಿರ.

"ಮುಂದಿನದು ನಾಲ್ಕೂವರೆಗೆ" ಎಂದೆ, ಚುಟುಕಾಗಿ.
ಅವ ಸಿಮೆಂಟು ಕಟ್ಟೆಯ ಮೇಲೆ ಕೂತ,
ಚೀಲದಿಂದ ಸಣ್ಣ ನೋಟ್‌ಬುಕ್ ತೆಗೆದು
ಏನನ್ನೋ ಗೀಚತೊಡಗಿದ.

ಹೊನ್ನಾವರದ ಗಾಡಿ ಕೇಳುತ್ತ ಮುದುಕರೊಬ್ಬರು ಬಂದರು.
ಅವರಿಗೆ ಹೇಳುವಾಗ
ದನಿ ಸ್ವಲ್ಪ ಏರಿಸಿದೆ,
ಕಟ್ಟೆಯವರೆಗೆ ಮುಟ್ಟುವಷ್ಟು.