ಉಳಿದ ಕಾವು

ನರಕಾಸುರನ ಬೂದಿ ಇನ್ನೂ ಬಿಸಿ.
ಬಾಯ್ನಾದ ಓಣಿಯಲ್ಲಿ ನಾನು,
ಕೈಯಲ್ಲಿ ತಗಡಿನ ತಟ್ಟೆ, ಮೇಲೆ ಸೆರಗು.

ಇವತ್ತು ಗೋವೆಯ ಮನೆಮನೆಯಲ್ಲಿ ಅವಲಕ್ಕಿ:
ಬೆಲ್ಲದ್ದು, ಮೊಸರಿನದು, ತೆಂಗಿನ ಹಾಲಿನದು.
ನನ್ನ ತಟ್ಟೆಯಲ್ಲಿ ಓಟ್ಸು, ಆರು ಮೊಟ್ಟೆ,
ಕಿವುಚಿದ ಬಾಳೆಹಣ್ಣು, ಪುಟಾಣಿ ಹಿಟ್ಟು,
ಹಬ್ಬಕ್ಕೆಂದು ಏಲಕ್ಕಿ, ನಾಲ್ಕೆಳೆ ಕೇಸರಿ,
ಮತ್ತೆ ಆ ದೊಡ್ಡ ಡಬ್ಬಿಯ ಪ್ರೋಟೀನ್ ಪುಡಿ.
ಅದರ ಬೆಲೆ ಅವರಪ್ಪನಿಗೆ ಹೇಳಿಲ್ಲ.

‘ಹಬ್ಬದ ದಿನ ತತ್ತಿ ಏನವ್ವಾ?’ ಎದುರುಮನೆ ದ್ಯಾಮವ್ವ.
‘ಐತವಾರ ಎಂಬತ್ತೆರಡು ಕಿಲೋ ಎತ್ತಬೇಕ ನನ್ನ ಮಗಳು.
ನೀ ಎತ್ತತಿಯೇನು?’

ಮನೆಯಲ್ಲಿ ಓವನ್ ಇಲ್ಲ.
ಪೊದೇರ್ ಕಾಯ್ತಾನನ ಭಟ್ಟಿಯಿಂದ
ಕೊನೆಯ ಪಾವ್ ಹೊರಬಿದ್ದ ಮೇಲೆ
ಉಳಿದ ಕಾವು ನನ್ನದು.
ಉದ್ದ ಹಲಗೆಯ ಮೇಲೆ ತಟ್ಟೆ ಒಳಜಾರಿತು,
ನಸುಕಿಗೆ ಇಳಿವ ದೋಣಿಯ ಹಾಗೆ.

ಹೊಸ್ತಿಲಲ್ಲಿ ರುಕ್ಮಾ. ಸೀಗೆಯ ತಲೆ ಆರಿಲ್ಲ.
ಕಾರೀಟ ಕಾಯನ್ನು ಹೆಬ್ಬೆರಳಿಂದ ಒಡೆದು
ಕಹಿಗೆ ಮುಖ ಕಿವುಚಿ ನಿಂತಿದ್ದಾಳೆ.
‘ಬೇಯ್ತೇನಬೇ?’

ಒಂದಂಚು ಕರಕಾಗಿತ್ತು.
ಅದನ್ನೇ ಮೊದಲು ಮುರಿದಳು.
ಕಬ್ಬಿಣ ಹಿಡಿದು ಜಡ್ಡುಗಟ್ಟಿದ ಅಂಗೈಗೆ
ಬಿಸಿ ತಿಳಿಯಲೇ ಇಲ್ಲ.

ಅವರಪ್ಪ ಎರಡನೇ ತುಂಡಿಗೆ ಕೈಚಾಚಿದ.
ಆಗಲೂ ಬೆಲೆ ಹೇಳಲಿಲ್ಲ ನಾನು.