ಅರ್ಧಕ್ಕೆ ಒಂದು ವೀಸ ಕಮ್ಮಿ

ಓಸ್ಮೊ ಲಾಹ್ತಿ ಗಾಡಿಯನ್ನು ಎಳೆದು ತರಲಿಲ್ಲ,
ಹೊತ್ತು ತಂದ, ತಲೆಕೆಳಗು ಮಾಡಿ, ಎದೆಗವಚಿ,
ಕಾಲು ಮುರಿದ ಕರುವನ್ನು ತರುವ ಹಾಗೆ.
ಡುಲೂತ್, ಆರನೇ ಬೀದಿ. ಏಪ್ರಿಲ್ ಬಂದರೂ
ಚರಂಡಿಯಲ್ಲಿನ್ನೂ ಮಸಿ ಹಿಡಿದ ಹಿಮ.

ಕೆಂಪು ತಗಡಿನ ಗಾಡಿ. ಈಗ ಕೆಂಪು ಅನ್ನುವುದು ಮರ್ಯಾದೆಗೆ.
ಐವತ್ತಾರರಲ್ಲಿ ಅವನಕ್ಕ ಐಲಿ ಇದರಲ್ಲಿ
ಬೆಳಗಿನ ಪೇಪರು ಹಂಚುತ್ತಿದ್ದಳು.
ಹುಡುಗಿಯರಿಗೆ ಆ ಕೆಲಸ ಕೊಡುತ್ತಿರಲಿಲ್ಲವಂತೆ,
ತಮ್ಮನ ಹೆಸರು ಬರೆಸಿದಳು. ತಮ್ಮನಿಗಾಗ ಐದು ವರ್ಷ.
ತಳದಲ್ಲಿ ಮೊಳೆಯಿಂದ ಗೀಚಿದ ಬಾಕಿದಾರರ ಮನೆ ನಂಬರು:
೪೧೨, ೪೧೯.
ಕೊಟ್ಟರೋ ಇಲ್ಲವೋ.

"ಚಕ್ರ ಬದಲಿಸಬೇಕು," ಅಂದ. "ರುಸಿನಾಗೆ."
ರುಸಿನಾ ಅವನ ನಾಯಿ. ಅವನಜ್ಜಿಯ ಭಾಷೆಯಲ್ಲಿ ಒಣದ್ರಾಕ್ಷಿ.
ಹದಿಮೂರು ವರ್ಷ, ಮೂವತ್ತು ಕಿಲೊ, ಸೊಂಟ ಸೋತಿದೆ.
ಸರೋವರದ ದಂಡೆಗೆ ಮಾತ್ರ ದಿನಾ ಹೋಗಲೇಬೇಕು.
ಗಟ್ಟಿ ರಬ್ಬರಿನ ಚಕ್ರ ಚಪ್ಪಡಿಯ ಪ್ರತಿ ಸಂದಿಗೂ
ಧಡ್ ಅಂದಾಗ ಕೂಗುವುದಿಲ್ಲ ಅವಳು,
ತಲೆಯೆತ್ತಿ ಅವನನ್ನು ನೋಡುತ್ತಾಳೆ, ಅಷ್ಟೆ.
"ಅದನ್ನು ನೋಡಲಾರೆ, ಡೆಲ್ಫೀನ್."

ಮೂವತ್ತೊಂದು ವರ್ಷ ಅದಿರು ಹಡಗುಗಳ ರಿಪೇರಿ ಶೆಡ್ಡಿನಲ್ಲಿ
ಲೇತಿನ ಮುಂದೆ ನಿಂತವಳು ನಾನು.
ನೋಡಲಾರೆ ಅನ್ನುವುದು ಅಳತೆಗೆ ಸಿಗುವುದಿಲ್ಲ.
ಅಚ್ಚು ಸಿಗುತ್ತದೆ.
ಕ್ಯಾಲಿಪರ್ ಹಿಡಿದೆ: ಅರ್ಧ ಅಂಗುಲಕ್ಕೆ ಒಂದು ವೀಸ ಕಮ್ಮಿ.
ಅವನು ಕೊಂಡು ತಂದ ಗಾಳಿಚಕ್ರಗಳ ತೂತು
ಸರಿಯಾಗಿ ಅರ್ಧ.

ಹಳೆಯದನ್ನು ಬಿಡಿಸುವುದಕ್ಕೇ ಒಂದು ದಿನ ಹೋಯಿತು.
ತುದಿಯ ಟೋಪಿ ತುಕ್ಕು ಹಿಡಿದು ಅಚ್ಚಿಗೆ ಮದುವೆಯಾಗಿತ್ತು.
ಎಣ್ಣೆ ಬಿಟ್ಟು ಕಾದೆ, ಬೆಂಕಿ ತೋರಿಸಿದೆ, ಬೈದೆ,
ಕೊನೆಗೆ ಗರಗಸ. ಒಳಗೆ ಜೇನಿನ ಬಣ್ಣದ ಗ್ರೀಸು,
ಯಾವುದೋ ಕಿರುಬೆರಳು ಸವರಿದ್ದು,
ಉಗುರಿನ ಗೀರು ಸಮೇತ.
ಒಂದು ಚಕ್ರದ ರಬ್ಬರು ಒಂದೇ ಮಗ್ಗುಲಿಗೆ ಸವೆದಿತ್ತು.
ಐಲಿ ಎಡಚಿ, ಅಂದ ಓಸ್ಮೊ.

ಮಾರನೆಯ ದಿನ ಬಿಯರ್ ಡಬ್ಬಿ ಕತ್ತರಿಸಿಕೊಂಡು ಬಂದ.
"ಎಂಟು ಸುತ್ತು ಸುತ್ತಿದರೆ ಸಂದು ತುಂಬುತ್ತೆ, ಲೆಕ್ಕ ಹಾಕಿದ್ದೀನಿ."
ಲೆಕ್ಕ ಸರಿಯೇ. ಆದರೆ ಆ ತಗಡು
ಜುಲೈ ಹೊತ್ತಿಗೆ ಹಪ್ಪಳ.
ಹಿತ್ತಾಳೆ ಸರಳು ಕಚ್ಚಿಸಿ ನಾಲ್ಕು ಬುಷ್ ಕಡೆದೆ,
ಗೋಡೆಯ ದಪ್ಪ ಅರೆವೀಸ, ಉಂಗುರಕ್ಕಿಂತ ತೆಳು.
ಒಂದು ಹಾಳಾಯಿತು. ಹಾಗಾಗಿ ಐದು.

ಹೊಸ ಚಕ್ರ ದೊಡ್ಡದು, ತಿರುವಿದರೆ ತಳಕ್ಕೆ ಉಜ್ಜುತ್ತದೆ.
ಓಕ್ ಮರದ ತುಂಡು ನಡುವೆ ಕೊಟ್ಟು ಎತ್ತರಿಸಿದೆ.
ಗಾಡಿ ಎತ್ತರವಾಯಿತು. ನಾಯಿ ಆಗಲಿಲ್ಲ.
ಇದನ್ನು ಇಬ್ಬರೂ ಯೋಚಿಸಿರಲಿಲ್ಲ.
ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು, ಅವಳೂ ನಿಂತಳು,
ನಾಲ್ಕು ಟೈರನ್ನೂ ಮೂಸಿ, ಹಿಂದಿನ ಎಡದ್ದನ್ನು ಎರಡು ಸಲ.
ಆಮೇಲೆ ನಾನು ಎದೆಯ ಕೆಳಗೆ, ಅವನು ಸೊಂಟದ ಕೆಳಗೆ
ಕೈ ಕೊಟ್ಟು: ಒಂದು, ಎರಡು,

ಆರನೇ ಬೀದಿಯಿಂದ ನೀರಿನವರೆಗೆ ಬರೀ ಇಳಿಜಾರು.
ಇಷ್ಟು ವರ್ಷ ಎಳೆದರೆ ಮಾತ್ರ ಬರುತ್ತಿದ್ದ ಗಾಡಿ
ಬಾಲ್ ಬೇರಿಂಗಿನ ರುಚಿ ಕಂಡು ತಾನೇ ಓಡತೊಡಗಿತು,
ಓಸ್ಮೊನ ಹಿಮ್ಮಡಿಗೆ ಹೋಗಿ ಗುದ್ದಿತು.
ಬಟ್ಟೆ ಒಣಹಾಕುವ ಹಗ್ಗ ತಂದು ಹಿಂದೆ ಕಟ್ಟಿದೆ,
ಕಾಲೂರಿ ಜಗ್ಗಿದೆ. ಬ್ರೇಕು ನಾನೇ,
ಅರವತ್ತೇಳು ವರ್ಷದ ಬ್ರೇಕು, ಕಿರುಗುಟ್ಟುತ್ತೆ.

ಸಂದಿ ಬಂತು. ಮತ್ತೊಂದು.
ರುಸಿನಾ ತಲೆ ಎತ್ತಲಿಲ್ಲ.
ಮೂಗು ನೀರಿನ ಕಡೆ. ಅವನೇ
ಹೆಜ್ಜೆಗೊಮ್ಮೆ ತಿರುಗಿ ತಿರುಗಿ ನೋಡುತ್ತಿದ್ದ.

ದಂಡೆಯಲ್ಲಿ ಕೇಳಿದ: "ಎಷ್ಟಾಯ್ತು?"
ಚಕ್ರಕ್ಕೊಂದು ವೀಸ, ನಾಲ್ಕು ಚಕ್ರ, ಅಂದೆ.
ಜೇಬು ತಡಕಿ ಕಾಲು ಡಾಲರಿನ ನಾಣ್ಯ ಕೊಟ್ಟ.
ಲೆಕ್ಕದಲ್ಲಿ ಗಟ್ಟಿಗ.

ಇನ್ನು ವಾಪಸು ಏರು.
ಆ ಮಾತು ಯಾರೂ ಎತ್ತಲಿಲ್ಲ.