ತಕ್ಕದ್ದು

ಡಾಕ್ಟರಮ್ಮ ಬರೆದದ್ದು ನಲವತ್ತು ಪುಟ.
ನಾನು ಕೇಳಿದೆ, ಇಷ್ಟು ಓದುವವರು ಯಾರು ಮೇಡಂ?
ನಮಗೆ ಸಿಗುವುದು
ಕುಡಿಯುವ ನೀರಿಗೂ ಬೀದಿದೀಪಕ್ಕೂ ನಡುವೆ
ಏಳು ನಿಮಿಷ, ಅದೂ ಚಹಾ ಬಾರದಿದ್ದರೆ.

ಒಂದು ಪುಟ ಮಾಡಿದೆವು.
ಉರ್ವಸ್ಟೋರಿನ ಜೆರಾಕ್ಸ್ ಅಂಗಡಿಯಲ್ಲಿ ಮೂವತ್ತೆರಡು ಪ್ರತಿ.
ಸೆಕೆಗೆ ಕಾಗದ ಬೆರಳಿಗಂಟುತ್ತಿತ್ತು.

ನನ್ನ ಕೆಲಸ ದೊಡ್ಡದೇನಲ್ಲ. ಹತ್ತೊಂಬತ್ತು ವರ್ಷದಿಂದ
ಕ್ಯಾನ್ಸರ್ ನೋಂದಣಿಯಲ್ಲಿ ಸಾಲು ತುಂಬುವವಳು:
ವಯಸ್ಸು, ಊರು, ದೇಹದ ಯಾವ ಭಾಗ,
ಆಸ್ಪತ್ರೆಗೆ ಬಂದಾಗ ಎಷ್ಟನೇ ಹಂತ.
ಹೆಸರಿನ ಕಾಲಂ ನನಗೆ ಮಾತ್ರ ಕಾಣುತ್ತದೆ.
ಮೇಲಕ್ಕೆ ಕಳಿಸುವಾಗ
ಧಕ್ಕೆಯಲ್ಲಿ ಮೀನಿನ ಹುರುಪೆ ಕೆರೆದ ಹಾಗೆ
ಹೆಸರು ಉದುರುತ್ತದೆ, ಸಂಖ್ಯೆ ಹೋಗುತ್ತದೆ.
ನನ್ನ ಉಗುರಿನಲ್ಲಿ ಒಂದೆರಡು ಉಳಿಯುತ್ತವೆ.

ಡಾಕ್ಟರಮ್ಮನಿಗೂ ಹೇಳದ ಒಂದು ಸಂಗತಿ ಉಂಟು.
ನನ್ನ ಹತ್ತನೇ ತರಗತಿಯ ಫೀಸು ಬಂದದ್ದು
ಕೋಟೆಕಾರಿನ ಬೀಡಿ ಬ್ರಾಂಚಿನಿಂದ.
ಅಮ್ಮನ ಮಡಿಲಲ್ಲಿ ಗೆರಸೆ,
ಗೆರಸೆಯಲ್ಲಿ ಎಲೆ, ಕತ್ತರಿ, ಹೊಗೆಸೊಪ್ಪು, ನೂಲು.
ಸಾವಿರ ತುಂಬುವಾಗ ಮಧ್ಯರಾತ್ರಿ.
ನನ್ನ ಸಮಾಜ ವಿಜ್ಞಾನದ ಪುಸ್ತಕಕ್ಕೂ ಅದೇ ವಾಸನೆ.

ಸಭೆಯಲ್ಲಿ ಏಳು ನಿಮಿಷ ನಾಲ್ಕಾಯಿತು.
ಡಾಕ್ಟರಮ್ಮ ನಿಧಾನಕ್ಕೆ ಓದಿದರು:
ಬಾಯಿಯ ಹುಣ್ಣು ಬೇಗ ಕಂಡರೆ ಜೀವ ಉಳಿಯಬಹುದು.
ಶಾಲೆಯ ಗೇಟಿನಿಂದ ಗುಟ್ಕಾ ಅಂಗಡಿ ದೂರ ಸರಿದರೆ
ಶುರು ಮಾಡುವ ಮಕ್ಕಳು ಕಡಿಮೆಯಾಗಬಹುದು.

ಅಧಿಕಾರಿ ಕನ್ನಡಕ ತೆಗೆದರು.
"ಬಹುದು, ಬಹುದು. ಖಂಡಿತ ಅಂತ ಎಂತ ಉಂಟು ಡಾಕ್ಟ್ರೇ?
ನಾನು ಸಹಿ ಹಾಕಬೇಕಲ್ಲ."

ಡಾಕ್ಟರಮ್ಮನ ಮುಖ ಬಾಡಿತು. ಸುಳ್ಳು ಹೇಳಿದ್ದರೆ
ಆ ಕ್ಷಣವೇ ಗೆಲ್ಲುತ್ತಿದ್ದರು. ಹೇಳಲಿಲ್ಲ.

ಕೊನೆಯ ಸಾಲಿನಿಂದ ವಾಮನ ಪುತ್ರನ್, ಬೋಟಿನವರು,
ಮೂರು ಸಭೆಯಲ್ಲಿ ಬಾಯಿ ಬಿಡದವರು, ಎದ್ದರು.
"ಗಾಳಿ ಬರುತ್ತದೆ ಅಂತ ಸಹಿ ಹಾಕಿ ಕೊಟ್ಟವರು ಯಾರು ಸ್ವಾಮಿ?
ಬರಬಹುದು ಅಂತಲೇ ಹೇಳುವುದು.
ನಾವು ದೋಣಿ ಮೇಲೆ ಎಳೆಯುವುದಿಲ್ಲವೋ?"

ಯಾರೋ ನಕ್ಕರು. ಚಹಾ ಬಂತು.
ಚಹಾದ ನಡುವೆ ಝುಲೇಖಾ ಬಾನು ನನ್ನ ಕಡೆಗೇ ತಿರುಗಿದರು.
"ನನ್ನ ಕಡೆ ಆರುನೂರು ಮನೆ ಬೀಡಿಯವರು.
ಅವರಿಗೆ ನಾನು ಎಂತ ಹೇಳಲಿ?"

ಮೂವತ್ತೆರಡು ಪ್ರತಿಯಲ್ಲೂ ಅದಕ್ಕೆ ಉತ್ತರ ಇರಲಿಲ್ಲ.
ಬೇರೆ ಕೆಲಸ ಕೊಡಿ ಎನ್ನುವುದಕ್ಕೆ
ನಮ್ಮ ಪುಟದಲ್ಲಿ ಜಾಗ ಸಾಲಲಿಲ್ಲ,
ನಿಜ ಹೇಳಬೇಕೆಂದರೆ ನೆನಪೂ ಆಗಲಿಲ್ಲ.
ನನಗೆ ಬಾಯಿಗೆ ಬಂದದ್ದು ಇಷ್ಟೇ:
"ಮಜೂರಿಯ ದಿನ ಎಲ್ಲರೂ ಬ್ರಾಂಚಿಗೆ ಬರುತ್ತಾರೆ.
ಆಸ್ಪತ್ರೆಗೆ ಕರೆಯಬೇಡಿ. ಟಾರ್ಚ್ ಅಲ್ಲಿಗೆ ಬರಲಿ."
ಆಕೆ ಲೋಟ ಕೆಳಗಿಟ್ಟು ಬರೆದುಕೊಂಡರು.

ತಿಂಗಳ ಮೇಲೆ ನಡವಳಿಯ ಪ್ರತಿ ಬಂತು.
ಅಂಗಡಿಯ ವಿಷಯ: ಪರಿಶೀಲಿಸಬಹುದು.
ಅದು ಹಾಗೇ ಇತ್ತು, ಈಗಲೂ ಹಾಗೇ ಉಂಟು.
ಬಾಯಿ ತಪಾಸಣೆಯ ವಿಷಯ: ಕ್ರಮ ಕೈಗೊಳ್ಳಬಹುದು.
ಅದರ ಬಾಲಕ್ಕೆ ಹಸಿರು ಶಾಯಿಯ ಗೀಟು,
ಮೇಲೆ ಅಧಿಕಾರಿಯದೇ ಓರೆ ಅಕ್ಷರ:
ತಕ್ಕದ್ದು.

ನಾನು ಆ ಪದವನ್ನು ಬೆರಳಿನಿಂದ ಮುಟ್ಟಿ ನೋಡಿದೆ.
ನಲವತ್ತು ಪುಟ ಒಂದಾಗಿ, ಒಂದು ಪುಟ
ಒಂದು ಕ್ರಿಯಾಪದದ ಬಾಲವಾಗಿತ್ತು.

ಶನಿವಾರ ಕೋಟೆಕಾರಿನಲ್ಲಿ ಸಾಲು.
ಬೀಡಿ ಎಣಿಸುವ ಮೇಜಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ,
ದಂತವೈದ್ಯ ಹುಡುಗ, ಕೈಯಲ್ಲಿ ಟಾರ್ಚ್.
ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ಗೊಣಗಿದಳು,
"ನನ್ನದು ಎಂತ ನೋಡುವುದು ಮಾರಾಯ್ತಿ,
ನಾನು ಬರೇ ಎಲೆಯಡಿಕೆ."
ಹೊಗೆಸೊಪ್ಪಿನ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಅವಳ ಸರದಿ ಬಂತು.
ಕುರ್ಚಿಯ ಬೆನ್ನು ಹಿಡಿದು ನಿಂತೆ.
ಹುಡುಗ "ಇನ್ನೂ ಸ್ವಲ್ಪ ಅಜ್ಜಿ" ಎಂದ.
ಅಮ್ಮ ಬಾಯಿ ತೆರೆದಳು.